ಹುಡುಗಿಗೆ ಟಿ.ಸಿ., ಹುಡುಗನಿಗೆ ಹಾಲ್ ಟಿಕೆಟ್ಟು



ಹದಿನಾರು ಹದಿನೇಳಕ್ಕೆ ಬಸುರಾದ ಹುಡುಗಿಯನ್ನು ಕಂಡರೆ ಊರಿಗೆಲ್ಲ ನಾಲಗೆ ಬರುತ್ತದೆ. ಕೊರಳಲ್ಲಿ ತಾಳಿ ಇದ್ದರೆ "ಪಾಪ, ಬೇಗ ಆಯ್ತು" ಅಂತಾರೆ. ಇಲ್ಲದಿದ್ದರೆ "ಓದೋಕೆ ಬಿಟ್ಟಿದ್ದಕ್ಕೆ ಹಿಂಗಾಯ್ತು, ಹಾಸ್ಟೆಲಿಗೆ ಹಾಕಿ ಕೆಡಿಸಿದ್ರು" ಅಂತಾರೆ. ಈ ಎರಡನೇ ಮಾತು ನಮ್ಮ ಮನೆಗಳ ಒಳಕ್ಕೂ ಬಂದು ಕೂತಿದೆ. ಒಬ್ಬಳಿಗೆ ಹಿಂಗಾದರೆ ಆ ಕೇರಿಯ ಹತ್ತು ಹುಡುಗಿಯರ ಪುಸ್ತಕ ಅಟ್ಟ ಸೇರುತ್ತದೆ. ಈ ಮಾತು ಶುದ್ಧ ಸುಳ್ಳು ಎಂದು ನಾವು ಹೇಳುತ್ತೇವೆ.

ಸರ್ಕಾರದ ಲೆಕ್ಕವನ್ನೇ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚು ಮಂದಿ ಆಗಲೇ ತಾಯಂದಿರು, ಇಲ್ಲವೇ ಬಸುರಿಯರು. 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆ ಮುಗಿದಿತ್ತು. ಎಳೆ ವಯಸ್ಸಿನ ಬಸುರಿನಲ್ಲಿ ಬಹುಪಾಲು ಚಪ್ಪರ ಹಾಕಿ, ಊಟ ಬಡಿಸಿ, ಹಿರೀಕರೆಲ್ಲ ಅಕ್ಕಿಕಾಳು ಹಾಕಿ ಮಾಡಿದ್ದೇ. ಇನ್ನು ಇಡೀ ದೇಶದ ಲೆಕ್ಕ: ಶಾಲೆಯ ಮೆಟ್ಟಿಲನ್ನೇ ಹತ್ತದ ಈ ವಯಸ್ಸಿನವರಲ್ಲಿ ನೂರಕ್ಕೆ 18 ಮಂದಿ ತಾಯಿಯೋ ಬಸುರಿಯೋ ಆಗಿದ್ದರೆ, ಹನ್ನೆರಡು ವರ್ಷ ಓದಿದವರಲ್ಲಿ ಬರೀ 4 ಮಂದಿ. ಓದು ಕೆಡಿಸುವುದು ನಿಜವಾಗಿದ್ದರೆ ಈ ಲೆಕ್ಕ ತಲೆಕೆಳಗಾಗಿ ಇರಬೇಕಿತ್ತು.

ಹಂಗಂತ ಓದೇನು ಕೊರಳಿಗೆ ಕಟ್ಟುವ ತಾಯಿತವೇ? ಅದು ಕೆಲಸ ಮಾಡುವ ರೀತಿ ಬೇರೆ. ಶಾಲೆಯ ಹಾಜರಿಯಲ್ಲಿ ಹೆಸರಿರುವ ತನಕ, ಗಂಡಿನ ಕಡೆಯವರು ಬಂದರೆ "ಇನ್ನೂ ಓದ್ತಾವ್ಳೆ" ಅನ್ನಲು ಅಪ್ಪನಿಗೆ ಒಂದು ನೆವ ಇರುತ್ತದೆ. ಹೆಸರು ಹೊಡೆದ ದಿನ ಆ ನೆವ ಹೋಯಿತು. ಹೆಸರು ಹೋಗುವುದು ಎಲ್ಲಿ? ಹತ್ತನೇ ಕ್ಲಾಸಿನಲ್ಲಿ. ಕಾಲೇಜು ಇರುವುದು ಹೋಬಳಿಯಲ್ಲೋ ತಾಲ್ಲೂಕಿನಲ್ಲೋ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ದಾರಿಯುದ್ದಕ್ಕೂ ಮೇಲುಜಾತಿ ಹುಡುಗರ ಶಿಳ್ಳೆ. ಹಾಸ್ಟೆಲಿಗೆ ಅರ್ಜಿ ಹಾಕಿದರೆ ಸೀಟಿಲ್ಲ. ಅಪ್ಪ ಅವ್ವ ಕೂಲಿಗೋ ಗುಳೆಗೋ ಹೋಗುವವರು, ಬೆಳೆದ ಮಗಳನ್ನು ಗುಡಿಸಲಿನಲ್ಲಿ ಒಬ್ಬಳನ್ನೇ ಬಿಟ್ಟು ಹೋಗಲು ಅವರಿಗೆ ಭಯ. ಆ ಭಯವನ್ನು ನಾವು ಆಡಿಕೊಳ್ಳುವುದಿಲ್ಲ. ಹೊಲದೊಡೆಯನ ಕಣ್ಣು ಎಂಥದೆಂದು ನಮ್ಮ ತಾಯಂದಿರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೀಗೆ ಮದುವೆಯೇ ಕಾವಲಾಗುತ್ತದೆ.

ಕಾನೂನಿನ ತಮಾಷೆ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ ಕೈ ಬಿಡುತ್ತದೆ. ಮದುವೆಗೆ 18 ಆಗಬೇಕು. ನಡುವಿನ ನಾಲ್ಕು ವರ್ಷ ನಮ್ಮ ಹುಡುಗಿ ಯಾರ ಲೆಕ್ಕದಲ್ಲಿದ್ದಾಳೆ? 2020ರಲ್ಲಿ ಕೊರೊನಾ ಬಂದು ಶಾಲೆಗಳಿಗೆ ಬೀಗ ಬಿದ್ದಿತಲ್ಲ, ಮತ್ತೆ ಬಾಗಿಲು ತೆಗೆದಾಗ ಎಷ್ಟು ಬೆಂಚು ಖಾಲಿ ಇದ್ದವು, ಎಷ್ಟು ಕೊರಳಲ್ಲಿ ಅರಿಶಿನ ದಾರ ಇತ್ತು ಎಂದು ಹಳ್ಳಿ ಮೇಷ್ಟ್ರುಗಳನ್ನು ಕೇಳಿ.

ಉತ್ತರದ ಜಿಲ್ಲೆಗಳಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಮದುವೆಯ ನೆವವೂ ಬೇಕಿರಲಿಲ್ಲ. ಅವಳು ಬಹುಪಾಲು ನಮ್ಮ ಕೇರಿಯವಳೇ. 1982ರಲ್ಲಿ ರಾಜ್ಯ ಅದನ್ನು ನಿಷೇಧಿಸಿತು. ಆದರೆ ಅವಳ ಮಗು ಶಾಲೆಗೆ ಬಂದಾಗ ಅಪ್ಪನ ಹೆಸರು ಕೇಳಿ ಮೀಸೆಯಡಿ ನಕ್ಕವರನ್ನು ಯಾವ ಕಾಯ್ದೆಯೂ ಹಿಡಿಯಲಿಲ್ಲ.

ಇನ್ನು ಪಾಠದ ಮಾತು. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯ ಬಂದರೆ ಎಷ್ಟೋ ಮೇಷ್ಟ್ರು "ಮನೇಲಿ ಓದ್ಕೊಳ್ರಿ" ಎಂದು ಹಾಳೆ ತಿರುವಿಬಿಡುತ್ತಾರೆ. ಮನೆಯಲ್ಲಿ ಓದಿಸುವವರು ಯಾರು? ಹೆಬ್ಬೆಟ್ಟಿನ ಅವ್ವನೇ? 2007ರಲ್ಲಿ ಹದಿಹರೆಯದ ಶಿಕ್ಷಣವನ್ನು ಶಾಲೆಗೆ ತಂದಾಗ ಸಂಸ್ಕೃತಿ ಹಾಳಾಗುತ್ತದೆಂದು ಕೂಗೆದ್ದು, ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆದವು. ಯಾರ ಸಂಸ್ಕೃತಿ ಸ್ವಾಮಿ? 1938ರಷ್ಟು ಹಿಂದೆಯೇ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಪರ ನಿರ್ಣಯವನ್ನು ತಮ್ಮ ಪಕ್ಷದವರ ಮೂಲಕ ಮಂಡಿಸಿದ್ದರು. 1942ರಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಸಾವಿರಾರು ದಲಿತ ಹೆಂಗಸರಿಗೆ ಮಕ್ಕಳ ಮದುವೆಗೆ ಆತುರಪಡಬೇಡಿ, ಹೆಚ್ಚು ಹೆರಬೇಡಿ ಎಂದು ಬಾಯಿಬಿಟ್ಟು ಹೇಳಿದರು. ಅವರ ಪಟಕ್ಕೆ ಹಾರ ಹಾಕುವ ನಮ್ಮ ಹಾಸ್ಟೆಲುಗಳಲ್ಲಿ ಇವತ್ತಿಗೂ ಈ ಮಾತೆತ್ತಿದರೆ ಹುಡುಗರು ಕಿಸಕ್ಕನೆ ನಗುತ್ತಾರೆ.

ಹುಡುಗರೇ, ನಿಮ್ಮ ಹತ್ತಿರವೇ ಮಾತಾಡುತ್ತಿದ್ದೇವೆ. 2024ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲೇ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ ಹೆತ್ತಳು. ವಾರ್ಡನ್ ಸಸ್ಪೆಂಡ್ ಆದರು. ಇಂಥದ್ದಾದಾಗಲೆಲ್ಲ ಹುಡುಗಿಯರ ಹಾಸ್ಟೆಲಿನ ಗೇಟಿಗೆ ಇನ್ನೊಂದು ಬೀಗ ಬೀಳುತ್ತದೆ, ಹುಡುಗರ ಹಾಸ್ಟೆಲಿನ ಗೇಟು ತೆರೆದೇ ಇರುತ್ತದೆ. ಬಸುರಾದವಳ ಕೈಗೆ ಟಿ.ಸಿ. ಬರುತ್ತದೆ, ಕಾರಣನಾದವನ ಕೈಗೆ ಹಾಲ್ ಟಿಕೆಟ್ಟು. 18 ತುಂಬದವಳ ಜೊತೆ ಲೈಂಗಿಕ ಸಂಬಂಧ 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ, ಅವಳು ಒಪ್ಪಿದಳು ಎಂದರೂ ಅಪರಾಧ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ತಾಳಿ ಕಟ್ಟಿದವನಿಗೂ ಬಿಡುಗಡೆಯಿಲ್ಲ. ಪ್ರೀತಿಸಿದ ಹದಿನೇಳರ ಹುಡುಗನೂ ಇದರಲ್ಲಿ ಸಿಕ್ಕಿಬೀಳುತ್ತಾನೆ ಎಂಬುದು ನಿಜ. ಅದರಲ್ಲೂ ಹುಡುಗಿ ಮೇಲುಜಾತಿಯವಳು, ಹುಡುಗ ನಮ್ಮವನು ಆದರೆ ದೂರು ಕೊಡಲು ಊರೇ ಓಡುತ್ತದೆ. ತಿಳಿದಿರಲಿ.

ಕೇಸಿನ ಹೆದರಿಕೆಗೆ ಆಸ್ಪತ್ರೆಗೆ ಹೋಗದೆ, ಯಾರೋ ಕೊಟ್ಟ ಮದ್ದು ನುಂಗಿ ರಕ್ತ ಹರಿದು ಸಾಯುವುದಂತೂ ಬೇಡ. 2021ರ ತಿದ್ದುಪಡಿಯಾದ ಮೇಲೆ 18 ತುಂಬದವಳಿಗೆ 24 ವಾರದವರೆಗೆ ಗರ್ಭಪಾತಕ್ಕೆ ಕಾನೂನಿನ ಅವಕಾಶವಿದೆ. ಪೋಷಕರ ಒಪ್ಪಿಗೆ ಬೇಕು. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಅವಳ ಹೆಸರು ತಿಳಿಸಬೇಕಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದು ಸ್ನೇಹ ಕ್ಲಿನಿಕ್‌ಗಳಿವೆ. ಮದುವೆ ನಿಲ್ಲಿಸಲು 1098ಕ್ಕೆ ಫೋನ್ ಮಾಡಿದರೆ ಕಾಸು ಬೀಳುವುದಿಲ್ಲ. ಹೆತ್ತವಳಿಗೂ ಮತ್ತೆ ಬೆಂಚು ಸಿಗಬೇಕು. ಅವಳಿಗೆ ಟಿ.ಸಿ. ಕೊಟ್ಟ ಶಾಲೆಯ ಮುಂದೆ ನಾವು ಧರಣಿ ಕೂರಲು ತಯಾರಿದ್ದೇವೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರವೇ ಪ್ರತಿ ಹಾಸ್ಟೆಲಿನವರು ತಂತಮ್ಮ ಕೇರಿಗೆ ಹೋಗಿ, ಮನೆ ಮನೆ ಹತ್ತಿ, ಪರೀಕ್ಷೆ ಬರೆದ ಹುಡುಗಿಯರ ಪಟ್ಟಿ ಮಾಡಿ. ಫೇಲಾದವಳಿಗೆ ಅದೇ ವರ್ಷ ಮತ್ತೆ ಬರೆಯಲು ಅವಕಾಶವಿದೆ, ಫಾರಂ ತುಂಬಿಸಿ. ಪಾಸಾದವಳ ಜಾತಿ, ಆದಾಯದ ಸರ್ಟಿಫಿಕೇಟು ನಾಡಕಚೇರಿಯಿಂದ ತೆಗೆಸಿ ಹಾಸ್ಟೆಲ್ ಅರ್ಜಿ ಹಾಕಿಸಿ. ಸೀಟು ಸಿಗದವರ ಹೆಸರು, ಊರು, ಕಾಲೇಜಿಗಿರುವ ದೂರ ಬರೆದು ಮುಂದಿನ ಸಭೆಗೆ ತನ್ನಿ. ಆ ಪಟ್ಟಿ ಹಿಡಿದು ಜಿಲ್ಲಾ ಸಮಾಜ ಕಲ್ಯಾಣ ಅಧಿಕಾರಿಯ ಕಚೇರಿಗೆ ಒಟ್ಟಿಗೇ ಹೋಗೋಣ.