ಅದ್ಭುತಕ್ಕೆ ವಯೋಮಿತಿಯುಂಟೆ? : ಜೈನ ಕಥನಪರಂಪರೆಯ ಬೆಳಕಿನಲ್ಲಿ

ಅದ್ಭುತ ಕಥೆಗಳು ಮಕ್ಕಳಿಗೆ, ವಾಸ್ತವ ಕಥನ ದೊಡ್ಡವರಿಗೆ ಎಂಬ ವಿಂಗಡಣೆ ನಮ್ಮ ಶಿಕ್ಷಣಕ್ರಮದಲ್ಲಿ ಬಹಳ ಗಟ್ಟಿಯಾಗಿ ನೆಲೆಯೂರಿದೆ. ಪ್ರಾಥಮಿಕ ಶಾಲೆಯಲ್ಲಿ ಹಾರುವ ಕುದುರೆಗೂ ಮಾತನಾಡುವ ಗಿಳಿಗೂ ಎಡೆಯಿದೆ. ಪ್ರೌಢಶಾಲೆಗೆ ಬರುವ ಹೊತ್ತಿಗೆ ಅವು ಹಿಂದೆ ಸರಿಯುತ್ತವೆ. ಪದವಿ ತರಗತಿಯಲ್ಲಿಯೂ ಫ್ಯಾಂಟಸಿ ಕಾದಂಬರಿಗಳನ್ನು ಓದುವ ವಿದ್ಯಾರ್ಥಿಯನ್ನು ಇನ್ನೂ ಬಾಲಬುದ್ಧಿ ಹೋಗದವನೆಂದು ಕಾಣುವವರೇ ಹೆಚ್ಚು. ಆದರೆ ಕನ್ನಡ ಎಂ.ಎ. ವಿದ್ಯಾರ್ಥಿಯು ಓದಬೇಕಾದ ಕೃತಿಗಳಲ್ಲಿಯೇ ಹಗಲು ಕುಷ್ಠರೋಗಿಯಾಗಿದ್ದು ಇರುಳು ದಿವ್ಯರೂಪ ತಾಳುವ ಕಳ್ಳನಿದ್ದಾನೆ, ಕತ್ತಿ ತಾಗಿದೊಡನೆ ಕೂಗುವ ಹಿಟ್ಟಿನ ಕೋಳಿಯಿದೆ, ಆಕಾಶಮಾರ್ಗದಲ್ಲಿ ಸಂಚರಿಸುವ ವಿದ್ಯಾಧರರಿದ್ದಾರೆ. ಇವುಗಳನ್ನು ನಾವು ಅದ್ಭುತವೆಂದು ಓದಿಸುವುದೇ ಇಲ್ಲ. ಹಳಗನ್ನಡ ವ್ಯಾಕರಣಕ್ಕೆ ನಿದರ್ಶನಗಳಾಗಿ, ಕವಿಯ ಕಾಲ-ದೇಶ-ಕೃತಿವಿಚಾರದ ಟಿಪ್ಪಣಿಗಳಾಗಿ ಅವು ಪರೀಕ್ಷೆಯ ಕಡತ ಸೇರುತ್ತವೆ.

ನನ್ನ ವಾದ ಸರಳವಾದುದು. ಯಾವ ವಯಸ್ಸಿನವರಿಗೆ ಯಾವ ಅದ್ಭುತ ಕಥನವನ್ನು ಓದಲು ಹೇಳಬೇಕೆಂಬುದನ್ನು ಅದರೊಳಗಿನ ಅಸಂಭವದ ಪ್ರಮಾಣದಿಂದ ನಿರ್ಧರಿಸಲಾಗದು. ಅದ್ಭುತವು ಘಟಿಸಿದ ಮೇಲೆ ಅದರ ಫಲವನ್ನು ಯಾರು ಹೊರುತ್ತಾರೆ, ಆ ಭಾರವನ್ನು ಓದುಗನು ಎಷ್ಟರಮಟ್ಟಿಗೆ ಹೊರಬಲ್ಲನು ಎಂಬುದೇ ಅಳತೆಗೋಲಾಗಬೇಕು. ಈ ಅಳತೆಗೋಲನ್ನು ನಾವು ಹೊರಗಿನಿಂದ ತರಬೇಕಿಲ್ಲ. ಕರ್ಮಫಲವನ್ನೇ ಕಥನತತ್ತ್ವವನ್ನಾಗಿ ಮಾಡಿಕೊಂಡ ಜೈನ ಕಥಾಸಾಹಿತ್ಯದಲ್ಲಿ ಅದು ಸಿದ್ಧವಾಗಿಯೇ ಇದೆ.

ಒಂದು ಆಶಯವನ್ನು ತೆಗೆದುಕೊಳ್ಳೋಣ. ಏಳು ಕಡಲಿನಾಚೆ ಒಂದು ಮರ, ಮರದಲ್ಲೊಂದು ಪಂಜರ, ಪಂಜರದೊಳಗಿನ ಗಿಳಿಯಲ್ಲಿ ರಾಕ್ಷಸನ ಪ್ರಾಣ: ಇದು ನಮ್ಮ ಅಜ್ಜಿಯರೆಲ್ಲ ಹೇಳಿದ ಕಥೆ. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಕುಟುಂಬಗಳು ನೆಲೆಸಿವೆ. ಅವರ ಭಾಷೆಯಲ್ಲಿ ದಕ್ಷಿಣಾರಂಜನ ಮಿತ್ರ ಮಜುಂದಾರ್ ಅವರು 1907ರಲ್ಲಿ ಪ್ರಕಟಿಸಿದ 'ಠಾಕುರ್‌ಮಾರ್ ಝುಲಿ', ಅಂದರೆ ಅಜ್ಜಿಯ ಜೋಳಿಗೆ, ಎಂಬ ಜನಪದ ಕಥಾಸಂಗ್ರಹದಲ್ಲಿಯೂ ಪ್ರಾಣವನ್ನು ಬೇರೊಂದೆಡೆ ಅಡಗಿಸಿಟ್ಟ ರಾಕ್ಷಸರಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಬಂದ ತೆಲುಗು ಕುಟುಂಬಗಳ ಮಕ್ಕಳಿಗೂ ಈ ಕಥೆ ಹೊಸದಲ್ಲ. 1997ರಲ್ಲಿ ಆರಂಭವಾದ ಹ್ಯಾರಿ ಪಾಟರ್ ಕಾದಂಬರಿಮಾಲೆಯ ಖಳನು ತನ್ನ ಆತ್ಮವನ್ನು ತುಂಡುಮಾಡಿ ವಸ್ತುಗಳಲ್ಲಿ ಬಚ್ಚಿಡುವುದೂ ಇದೇ ಆಶಯದ ರೂಪಾಂತರ. ಆದರೆ ಭಾರ ಒಂದೇ ಅಲ್ಲ. ಅಜ್ಜಿಯ ಕಥೆಯಲ್ಲಿ ಗಿಳಿಯ ಕತ್ತು ಮುರಿದರೆ ರಾಕ್ಷಸ ಸತ್ತನು, ಕಥೆ ಮುಗಿಯಿತು; ಐದು ವರ್ಷದ ಮಗು ನೆಮ್ಮದಿಯಿಂದ ನಿದ್ದೆಹೋಗಬಹುದು. ಪಾಟರ್ ಕಥನದಲ್ಲಿ ಆತ್ಮವನ್ನು ಒಡೆಯಬೇಕಾದರೆ ಕೊಲೆ ಮಾಡಬೇಕು. ಕೊಲೆಯು ಕೊಂದವನನ್ನೇ ಹರಿದುಹಾಕುತ್ತದೆ. ಅಸಂಭವ ಎರಡರಲ್ಲಿಯೂ ಸಮಾನ, ಹೊರೆ ಬೇರೆ. ವಯಸ್ಸಿನ ವಿಚಾರ ಬರಬೇಕಾದುದು ಇಲ್ಲಿ.

ಇದೇ ಸೀಮೆಯ ಅತಿ ಪ್ರಾಚೀನ ಲಿಖಿತ ದಾಖಲೆಯೂ ಈ ಚರ್ಚೆಗೆ ಒದಗಿಬರುತ್ತದೆ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಅವರು ಮಸ್ಕಿಯಲ್ಲಿ ಬೆಳಕಿಗೆ ತಂದ ಕಿರುಶಾಸನವು 'ದೇವಾನಾಂಪ್ರಿಯ'ನ ಹೆಸರು ಅಶೋಕ ಎಂಬುದನ್ನು ಸ್ಪಷ್ಟಪಡಿಸಿತೆಂಬುದು ಎಲ್ಲರಿಗೂ ಗೊತ್ತು. ಅಲ್ಲಿಯವರೆಗೆ ಅಶೋಕನೆಂಬ ಹೆಸರು ಎಂಬತ್ತನಾಲ್ಕು ಸಾವಿರ ಸ್ತೂಪಗಳನ್ನು ಎತ್ತಿಸಿದನೆಂಬಂತಹ ಅವದಾನಗಳ ಅದ್ಭುತಲೋಕದಲ್ಲಿಯೂ ರಾಜವಂಶಾವಳಿಗಳಲ್ಲಿಯೂ ಉಳಿದಿತ್ತು. ಚರಿತ್ರೆಗೆ ಆಧಾರವಾದ ಅದೇ ಬಂಡೆ ಮಾತನಾಡುವುದು ಮಾತ್ರ ಅದ್ಭುತದ ಭಾಷೆಯಲ್ಲಿ: ಜಂಬೂದ್ವೀಪದಲ್ಲಿ ಹಿಂದೆ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ ಎಂಬುದು ಅದರ ತಾತ್ಪರ್ಯ. ಅದರ ಬೆನ್ನಿಗೇ, ಧರ್ಮನಿಷ್ಠನಾದ ಸಣ್ಣವನಿಗೂ ಇದು ಸಾಧ್ಯ, ದೊಡ್ಡವರಿಗಷ್ಟೇ ಎಂದು ಭಾವಿಸಬಾರದು ಎಂಬ ಎಚ್ಚರಿಕೆ. ಅಲ್ಲಿ ಸಣ್ಣವನೆಂದರೆ ವಯಸ್ಸಿನಲ್ಲಿ ಅಲ್ಲ, ಸ್ಥಾನದಲ್ಲಿ. ಆದರೂ ಒಂದು ಮಾತನ್ನು ಇಲ್ಲಿಂದ ಹಿಡಿಯಬಹುದು. ಅದ್ಭುತವನ್ನು ಹೇಳುವ ಮಾತು ಆಚರಣೆಯ ಹೊಣೆಯನ್ನೂ ಜೊತೆಗೇ ಹೇಳುತ್ತದೆ.

ಈ ಅಳತೆಗೋಲನ್ನು ಹಿಡಿದು ಕೆಲವು ಕೃತಿಗಳನ್ನು ನೋಡಬಹುದು. ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಕಿವಿಯೇ ಕಣ್ಣು. ಅವರಿಗೆ ಪುಸ್ತಕ ಕೊಡುವುದಕ್ಕಿಂತ ಓದಿ ಹೇಳಬೇಕು. ಬ್ರೌನಿಂಗನ ಕಥನಕವನವನ್ನು ಕುವೆಂಪು ಅವರು ಕನ್ನಡದ ನಾದಕ್ಕೆ ಒಗ್ಗಿಸಿದ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಈ ವಯಸ್ಸಿಗೆ ಇಂದಿಗೂ ಸಾಟಿಯಿಲ್ಲದ ಕೃತಿ. ಇಲಿಗಳು ಹೋದ ಸಂತೋಷ ಮಗುವಿಗೆ ಸಾಕು. ಮಾತಿಗೆ ತಪ್ಪಿದ ಊರು ತನ್ನ ಮಕ್ಕಳನ್ನು ಕಳೆದುಕೊಂಡಿತೆಂಬ ಸಂಗತಿ ಅದರ ಮನಸ್ಸಿನ ಮೂಲೆಯಲ್ಲಿ ಕುಳಿತು ಮುಂದೊಂದು ದಿನ ಎದ್ದು ಬರುತ್ತದೆ.

ಹತ್ತರಿಂದ ಹದಿನಾಲ್ಕರ ವಯಸ್ಸು ಸಾಹಸವನ್ನು ಬಯಸುತ್ತದೆ. ಈ ಮಕ್ಕಳಿಗೆ ಹೇಳಬಹುದಾದ ಅತ್ಯುತ್ತಮ ಕಥೆಯೊಂದರ ನೆನಪು ನಮ್ಮ ಪಕ್ಕದ ಕೊಪ್ಪಳದಲ್ಲಿಯೇ ಇದೆ. ಅಲ್ಲಿನ ಪಾಲ್ಕಿಗುಂಡು ಬೆಟ್ಟದಲ್ಲಿ ಅಶೋಕನ ಶಾಸನವೂ ಇದೆ, ಜಟಾಸಿಂಹನಂದಿ ಆಚಾರ್ಯರ ಪಾದಚಿಹ್ನೆಯೂ ಇದೆ. ಇವರು ಏಳನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ 'ವರಾಂಗಚರಿತ'ವನ್ನು ಆ.ನೇ. ಉಪಾಧ್ಯೆಯವರು 1938ರಲ್ಲಿ ಸಂಪಾದಿಸಿ ಹೊರತಂದರು. ದುಷ್ಟ ಮಂತ್ರಿ ಕಲಿಸಿದ ಕುದುರೆ ರಾಜಕುಮಾರನನ್ನು ಹೊತ್ತು ಕಾಡಿಗೆ ಓಡುತ್ತದೆ. ಅವನು ಬಾವಿಗೆ ಬಿದ್ದು ಬಳ್ಳಿ ಹಿಡಿದು ಮೇಲೆ ಬರುತ್ತಾನೆ. ಹುಲಿಗೆ ಹೆದರಿ ಮರವೇರಿದವನನ್ನು ಆನೆ ಉಳಿಸುತ್ತದೆ. ಕೊಳದಲ್ಲಿ ಮೊಸಳೆ ಕಾಲು ಹಿಡಿಯುತ್ತದೆ. ಕೊನೆಗೆ ವ್ಯಾಪಾರಿಗಳ ತಂಡವೊಂದರಲ್ಲಿ ಸೇರಿ, ತನ್ನ ಹೆಸರನ್ನೂ ಕುಲವನ್ನೂ ಹೇಳದೆ, ಯಾರೋ ಒಬ್ಬ ಭಟನೆನಿಸಿಕೊಂಡು ಹೋರಾಡುತ್ತಾನೆ. ಹನ್ನೆರಡು ವರ್ಷದವರಿಗೆ ಇದಕ್ಕಿಂತ ಇನ್ನೇನು ಬೇಕು? ಅದ್ಭುತದ ಹೊರೆಯೂ ಆ ವಯಸ್ಸಿಗೆ ಒಪ್ಪುವಂತಹುದು: ರಾಜಪುತ್ರನೆಂಬ ಬಿರುದು ಕಳಚಿದ ಮೇಲೂ ನಾನು ಯಾರು ಎಂಬ ಪ್ರಶ್ನೆ. ಕನ್ನಡದಲ್ಲಿ ಮಕ್ಕಳ ಕೈಗೆ ಕೊಡಬಹುದಾದ ಸರಳಗದ್ಯದ, ಚಿತ್ರಸಹಿತವಾದ ವರಾಂಗನ ಕಥೆಯೊಂದು ಪ್ರತಿ ಗ್ರಾಮದ ಗ್ರಂಥಾಲಯದಲ್ಲಿಯೂ ಇರಬೇಕಾಗಿತ್ತು.

ಹದಿನೈದರಿಂದ ಹದಿನೆಂಟು, ಅನ್ಯಾಯವನ್ನು ಸಹಿಸದ ವಯಸ್ಸು. 'ವಡ್ಡಾರಾಧನೆ'ಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನ ಕಥೆ ಈ ವಯಸ್ಸಿಗಾಗಿಯೇ ಬರೆದಂತಿದೆ. ಅರಮನೆಯ ಹಾರ ಕಳುವಾಗುತ್ತದೆ. ತಳಾರ ಯಮದಂಡನು ಕಳ್ಳನನ್ನು ಹಿಡಿದು ತರುತ್ತಾನೆ. ಹಿಂಸೆಗೆ ಗುರಿಪಡಿಸಿದರೂ ಕಳ್ಳನು ಒಪ್ಪುವುದಿಲ್ಲ. ರಾಜನು ಅಭಯ ಕೊಟ್ಟ ಮೇಲೆ ತಾನಾಗಿಯೇ ನಿಜ ಹೇಳುತ್ತಾನೆ. ಆಗ ತಿಳಿಯುತ್ತದೆ, ಕಳ್ಳನೂ ತಳಾರನೂ ಬಾಲ್ಯದ ಗೆಳೆಯರು, ಒಟ್ಟಿಗೆ ಕಲಿತವರು. ರೂಪ ಬದಲಿಸುವ ವಿದ್ಯೆಯ ಬೆರಗು ಓದುಗನನ್ನು ಒಳಗೆ ಕರೆಯುತ್ತದೆ. ಒಳಗೆ ಹೋದವನಿಗೆ ಸಿಗುವುದು ಗೆಳೆತನ, ಪಂತ, ಕರ್ತವ್ಯ ಇವುಗಳ ತೊಡಕು. ಕೊನೆಯಲ್ಲಿ ಬರುವ ವೈರಾಗ್ಯವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿಸುವುದಕ್ಕಿಂತ, ಇಷ್ಟೆಲ್ಲ ವಿದ್ಯೆಯುಳ್ಳವನಿಗೆ ಅದು ಏಕೆ ಸಾಕಾಗಲಿಲ್ಲವೆಂದು ಕೇಳಿದರೆ ಕಥೆ ಜೀವಂತವಾಗುತ್ತದೆ. ಇದರ ಜೊತೆಗೆ ಅರ್ಸುಲಾ ಲೆ ಗ್ವಿನ್ ಅವರು 1968ರಲ್ಲಿ ಪ್ರಕಟಿಸಿದ 'ಎ ವಿಝರ್ಡ್ ಆಫ್ ಅರ್ತ್‌ಸೀ' ಕಾದಂಬರಿಯನ್ನು ಓದಿಸಬಹುದು. ಅಹಂಕಾರದಿಂದ ಮಂತ್ರ ಪ್ರಯೋಗಿಸಿದ ಹುಡುಗನನ್ನು ಅವನೇ ಬಿಡುಗಡೆ ಮಾಡಿದ ನೆರಳು ಬೆನ್ನಟ್ಟುತ್ತದೆ. ಓಡುವುದನ್ನು ನಿಲ್ಲಿಸಿ ಅದನ್ನು ತನ್ನದೆಂದು ಹೆಸರಿಸುವವರೆಗೆ ಅವನಿಗೆ ಬಿಡುಗಡೆಯಿಲ್ಲ. ಕರ್ಮಸಿದ್ಧಾಂತವನ್ನು ಓದಿದ ವಿದ್ಯಾರ್ಥಿಗೆ ಇದು ಪರಕೀಯವೆನಿಸಲಾರದು.

ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅದ್ಭುತವನ್ನೇ ಪರೀಕ್ಷಿಸುವ ಅದ್ಭುತ ಬೇಕು. ಎಂಟನೆಯ ಶತಮಾನದ ಹರಿಭದ್ರಸೂರಿಯ ಪ್ರಾಕೃತ 'ಧೂರ್ತಾಖ್ಯಾನ', ಅಮಿತಗತಿಯ 1014ರ ಸಂಸ್ಕೃತ 'ಧರ್ಮಪರೀಕ್ಷಾ', ಅದನ್ನು ಆಧರಿಸಿದ ವೃತ್ತವಿಲಾಸನ ಕನ್ನಡ 'ಧರ್ಮಪರೀಕ್ಷೆ' ಈ ಮಾರ್ಗದವು. ವೃತ್ತವಿಲಾಸನ ಕೃತಿಯಲ್ಲಿ ಮನೋವೇಗ, ಪವನವೇಗರೆಂಬ ಇಬ್ಬರು ವಿದ್ಯಾಧರ ಗೆಳೆಯರು ಪಾಟಲೀಪುತ್ರದ ವಿದ್ವಾಂಸರ ಮುಂದೆ ನಂಬಲಾಗದ ಕಥೆಗಳನ್ನು ಹೇಳುತ್ತಾರೆ. ಇದು ಸುಳ್ಳು ಎಂದರೆ, ನಿಮ್ಮ ಪುರಾಣದ ಇಂತಹ ಕಥೆ ಹೇಗೆ ನಿಜ ಎಂದು ಕೇಳುತ್ತಾರೆ. ಇದು ಮತೀಯ ಖಂಡನೆಯ ಕೃತಿಯೆಂಬುದನ್ನು ಮುಚ್ಚಿಡದೆ ಹೇಳಿಯೇ ಓದಿಸಬೇಕು. ಹಾಗೆ ಓದಿದಾಗ ಚತುರ ವಿದ್ಯಾರ್ಥಿಯೊಬ್ಬನು, ಪ್ರಶ್ನೆ ಕೇಳುವವರೂ ಆಕಾಶದಲ್ಲಿ ಹಾರುವ ವಿದ್ಯಾಧರರೇ ಅಲ್ಲವೇ ಎಂದು ಕೇಳದಿರನು. ಆ ಪ್ರಶ್ನೆ ಹುಟ್ಟಿದರೆ ಪಾಠ ಸಾರ್ಥಕ. ಅನ್ಯರ ಅದ್ಭುತವನ್ನು ಅಳೆದ ಕೋಲಿನಿಂದ ತನ್ನದನ್ನೂ ಅಳೆಯುವ ಧೈರ್ಯವೇ ಪರೀಕ್ಷೆ ಎಂಬ ಪದದ ನಿಜಾರ್ಥ.

ಇನ್ನು ಜನ್ನನ 'ಯಶೋಧರ ಚರಿತೆ' (1209). ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪಹಿಂಸೆಗಾಗಿ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ನವಿಲು, ನಾಯಿ ಮೊದಲಾದ ಯೋನಿಗಳಲ್ಲಿ ತೊಳಲುವ ಈ ಕಥೆಯ ಭಾರವು, ಹೆತ್ತವರ ಮಾತಿಗೆ ಕಟ್ಟುಬಿದ್ದು ಒಪ್ಪದ ಕೆಲಸಕ್ಕೆ ಒಪ್ಪಿದ ಅನುಭವವುಳ್ಳ ಪ್ರೌಢನಿಗೆ ಮಾತ್ರ ಪೂರ್ತಿ ತಿಳಿಯುತ್ತದೆ. ಗಿರೀಶ ಕಾರ್ನಾಡರು ಅದನ್ನು 'ಹಿಟ್ಟಿನ ಹುಂಜ'ವಾಗಿ ರಂಗಕ್ಕೆ ತಂದದ್ದು ಆಕಸ್ಮಿಕವಲ್ಲ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಈ ಕಥೆಯನ್ನು ಹೇಳುವವನು ಅಭಯರುಚಿ, ಚಂಡಮಾರಿಯ ಗುಡಿಗೆ ಬಲಿಗಾಗಿ ಹಿಡಿದು ತಂದ ಎಳೆಯನು. ಕೇಳುವವನು ಕತ್ತಿ ಹಿಡಿದು ನಿಂತ ದೊರೆ ಮಾರಿದತ್ತ. ಪ್ರೌಢರ ಕಥೆಯನ್ನು ಬಾಲಕನು ಹೇಳುತ್ತಾನೆ, ಪ್ರೌಢನು ಕೇಳಿ ಬದಲಾಗುತ್ತಾನೆ. ವಯಸ್ಸಿನ ಮೆಟ್ಟಿಲುಗಳನ್ನು ನಾವು ಕಟ್ಟಬಹುದು, ಆದರೆ ಬಾಗಿಲಿಗೆ ಬೀಗ ಹಾಕಬಾರದು ಎಂಬುದಕ್ಕೆ ಜನ್ನನೇ ಸಾಕ್ಷಿ.

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕು. ಫ್ಯಾಂಟಸಿಗೆ ಸಂದೇಹವೇ ಜೀವಾಳ, ನಡೆದದ್ದು ಸಹಜವೋ ಅತಿಮಾನುಷವೋ ಎಂಬ ಹೊಯ್ದಾಟದಲ್ಲಿ ಅದು ಹುಟ್ಟುತ್ತದೆ ಎಂದು ಟೊಡೊರೊವ್ 1970ರ ತನ್ನ ಗ್ರಂಥದಲ್ಲಿ ವಾದಿಸಿದನು. ವಿದ್ಯಾಧರರನ್ನು ನಂಬುವ ಸಮಾಜದ ಧರ್ಮಕಥೆಯನ್ನು ಫ್ಯಾಂಟಸಿ ಎನ್ನಬಹುದೇ? ಪ್ರಕಾರವಾಚಕವಾಗಿ ಎನ್ನಲಾಗದು, ಎನ್ನಬೇಕಾಗಿಯೂ ಇಲ್ಲ. ಧರ್ಮಗ್ರಂಥವನ್ನು ಮನರಂಜನೆಗೆ ಇಳಿಸುವುದು ನನ್ನ ಉದ್ದೇಶವಲ್ಲ. ಇವೆರಡನ್ನೂ ಓದುವ ಮನಸ್ಸು ಒಂದೇ. ಕಾಣದ್ದನ್ನು ಕಲ್ಪಿಸಿಕೊಂಡು, ಕಲ್ಪಿಸಿದ್ದಕ್ಕೆ ಹೊಣೆಯಾಗುವ ಮನಸ್ಸು. ಟೋಲ್ಕಿನ್ 1939ರ ಉಪನ್ಯಾಸವೊಂದರಲ್ಲಿ, ಅದ್ಭುತ ಕಥೆಗಳು ಮಕ್ಕಳ ಪಾಲಾದುದು ಅವುಗಳ ಸ್ವಭಾವದಿಂದಲ್ಲ, ದೊಡ್ಡವರು ತಮಗೆ ಬೇಡವಾದ ಹಳೆಯ ಪೀಠೋಪಕರಣವನ್ನು ಮಕ್ಕಳ ಕೋಣೆಗೆ ತಳ್ಳುವಂತೆ ಅವನ್ನು ತಳ್ಳಿದ್ದರಿಂದ ಎಂಬರ್ಥದ ಮಾತನಾಡಿದ್ದಾನೆ. ನಮ್ಮಲ್ಲಿ ನಡೆದುದು ಇದಕ್ಕೆ ವಿಲೋಮ. ನಾವು ಅದ್ಭುತವನ್ನು ಮಕ್ಕಳ ಕೋಣೆಗೆ ತಳ್ಳಲಿಲ್ಲ, ಪರೀಕ್ಷಾ ಕೊಠಡಿಗೆ ತಳ್ಳಿದೆವು.

ಇದರ ಪರಿಣಾಮ ಕಣ್ಣೆದುರಿಗಿದೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ವಿದ್ಯಾರ್ಥಿ ಮೊಬೈಲಿನಲ್ಲಿ ಹೊರನಾಡಿನ ಫ್ಯಾಂಟಸಿಯನ್ನು ನೋಡುತ್ತಾನೆ, ತರಗತಿಯಲ್ಲಿ 'ವಡ್ಡಾರಾಧನೆ'ಯ ವಿಭಕ್ತಿಗಳನ್ನು ಬರೆದುಕೊಳ್ಳುತ್ತಾನೆ. ಎರಡಕ್ಕೂ ಸಂಬಂಧವಿದೆಯೆಂದು ಅವನಿಗೆ ಯಾರೂ ಹೇಳುವುದಿಲ್ಲ. ತೇಜಸ್ವಿಯವರ 'ಕರ್ವಾಲೊ'ದ ಹಾರುವ ಓತಿ, ಕಂಬಾರರ 'ಶಿಖರಸೂರ್ಯ'ದಲ್ಲಿ ಅಧಿಕಾರಕ್ಕಾಗಿ ದುರ್ಬಳಕೆಯಾಗುವ ವಿದ್ಯೆ, ಇವು ಆ ಹಳೆಯ ಪರಂಪರೆಯೊಡನೆ ಮಾತನಾಡುತ್ತಿವೆಯೆಂಬುದೂ ಕಾಣದೆ ಹೋಗುತ್ತದೆ. ಆದ್ದರಿಂದ ಅಧ್ಯಾಪಕರಲ್ಲಿ ನನ್ನ ಸೂಚನೆ ಇಷ್ಟೇ. ಹಳಗನ್ನಡದ ಒಂದು ಕಥೆಯನ್ನು ಬೋಧಿಸುವಾಗ ವಿದ್ಯಾರ್ಥಿ ತಾನಾಗಿ ಓದಿ ಮೆಚ್ಚಿದ ಒಂದು ಅದ್ಭುತ ಕಾದಂಬರಿಯನ್ನು ಪಕ್ಕದಲ್ಲಿಟ್ಟು, ಎರಡರಲ್ಲಿಯೂ ಬೆರಗಿನ ಬೆಲೆಯನ್ನು ತೆತ್ತವರಾರು ಎಂಬ ಒಂದೇ ಪ್ರಶ್ನೆಯ ಮೇಲೆ ಎರಡು ಪುಟ ಬರೆಯಿಸಿ. ಸಂಶೋಧಕರಲ್ಲಿ ಇನ್ನೊಂದು ಸೂಚನೆ: ಜೈನ ಕಥಾಕೋಶಗಳ ಅಧ್ಯಯನ ಆಕರಶೋಧದಲ್ಲಿಯೇ ನಿಲ್ಲದೆ, ಅವುಗಳನ್ನು ಇಂದು ಯಾವ ವಯಸ್ಸಿನವರು ಹೇಗೆ ಓದಬಲ್ಲರೆಂಬ ಕಡೆಗೂ ಹರಿಯಲಿ. ಪ್ರಬಂಧಗಳ ಅನುಬಂಧದಲ್ಲಿ ಒಂದು ಕಥೆಯ ಮಕ್ಕಳ ಆವೃತ್ತಿ ಇದ್ದರೆ ಪಾಂಡಿತ್ಯಕ್ಕೆ ಕುಂದು ಬರುವುದಿಲ್ಲ.