ಒಲ್ಲದ ಕೈಯ ಕಾಣಿಕೆ

ಭಾರತ ಹುಣ್ಣಿಮೆಯ ಸುಮಾರಿಗೆ ಧಾರವಾಡ, ಬೆಳಗಾವಿ, ಗದಗ ಸೀಮೆಗಳ ರೈತರು ಎತ್ತುಗಳನ್ನು ಸಿಂಗರಿಸಿ, ಚಕ್ಕಡಿಯಲ್ಲಿ ರೊಟ್ಟಿಯ ಗಂಟನ್ನೂ ಹಿಟ್ಟಿನ ಚೀಲವನ್ನೂ ಹೇರಿಕೊಂಡು, ಹಳಿಯಾಳ ದಾಂಡೇಲಿಗಳನ್ನು ದಾಟಿ, ಕಾಳೀ ನದಿಯ ಕಾಡುಗಳನ್ನು ಹಾದು, ಚನ್ನಬಸವಣ್ಣನವರ ಸಮಾಧಿಯಿರುವ ಜೋಯಿಡಾ ತಾಲ್ಲೂಕಿನ ಉಳವಿಗೆ ಬಂದು ಸೇರುವುದನ್ನು ಕಂಡವರಾರೂ ಆ ದೃಶ್ಯವನ್ನು ಮರೆಯಲಾರರು. ದಿನಗಟ್ಟಲೆ ಎತ್ತಿನ ಹೆಜ್ಜೆಗೆ ಹೆಜ್ಜೆಯಿಟ್ಟು ಬಂದ ಆ ಜನರ ಕೈಯಲ್ಲಿ ತೆಂಗಿನಕಾಯಿಯೊಂದಿದ್ದರೂ ಸರಿ, ಇಲ್ಲದಿದ್ದರೂ ಸರಿ. ಅವರ ಭಕ್ತಿಯನ್ನು ರೂಪಾಯಿಯಲ್ಲಿ ಅಳೆಯುವ ಅಧಿಕಾರ ಈ ಭೂಮಿಯ ಮೇಲೆ ಯಾವನಿಗೂ ಇಲ್ಲವೆಂದೇ ನಾನು ನಂಬಿದ್ದೇನೆ.

ಆದರೆ ಅಳೆಯುವ ಕೈಗಳು ನಮ್ಮ ಸುತ್ತಮುತ್ತ ದಿನದಿನಕ್ಕೆ ಹೆಚ್ಚುತ್ತಿವೆ. ಕೆಲವು ವರ್ಷಗಳ ಹಿಂದೆ ನನ್ನ ನೆರೆಯವನೊಬ್ಬನು, ಗುತ್ತಿಗೆಯ ಕೂಲಿಯಿಂದ ಸಂಸಾರ ಸಾಗಿಸುವವನು, ಚೊಚ್ಚಲ ಕೂಸಿನ ಹರಕೆ ತೀರಿಸಲು ಒಂದು ದೇವಸ್ಥಾನಕ್ಕೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆನು. ಪೂಜೆ ಮುಗಿದು ಹೊರಬರುವ ದಾರಿಯಲ್ಲಿಯೇ ಮೇಜು ಹಾಕಿಕೊಂಡು ಕುಳಿತಿದ್ದ ಮಹನೀಯರು ರಸೀದಿ ಪುಸ್ತಕವನ್ನು ತೆರೆದು, "ಅನ್ನದಾನಕ್ಕ ಎಷ್ಟು ಬರೀಲಿ?" ಎಂದು ಕೇಳಿದರು. ಬರೆಯಲೇ ಎಂದು ಕೇಳಲಿಲ್ಲ, ಎಷ್ಟು ಬರೆಯಲಿ ಎಂದೇ ಕೇಳಿದರು. ನೂರಾ ಒಂದು ಎಂದನು ಇವನು. "ಕೂಸಿನ ಹೆಸರಿಲೆ ಐನೂರಾ ಒಂದರೆ ಆಗಲಿ, ದೇವರ ಕೆಲಸಕ್ಕ ಹಿಂದ ಮುಂದ ನೋಡಬಾರದು" ಎಂಬ ಮಾತು, ಹಿಂದೆ ಸಾಲುಗಟ್ಟಿ ನಿಂತಿದ್ದ ಹತ್ತಾರು ಜನಕ್ಕೆ ಕೇಳುವಂತೆ ಬಂದಿತು. ಹೆಂಡತಿಯು ಕೂಸನ್ನು ಎದೆಗವಚಿಕೊಂಡು ಗಂಡನ ಮುಖವನ್ನು ನೋಡಿದಳು, ಅವನು ಕೊಟ್ಟನು. ಮರಳುವಾಗ ಬಸ್ಸಿನ ಚಾರ್ಜಿಗೆ ನನ್ನಲ್ಲಿ ಸಾಲ ಕೇಳಿದನು.

ಕೂಸಿನ ಹೆಸರನ್ನು ಎತ್ತಿದೊಡನೆ ತಾಯಿತಂದೆಗಳ ಬಾಯಿ ಕಟ್ಟುವುದೆಂಬುದು ಕೇಳಿದವರಿಗೆ ತಿಳಿಯದ ವಿಷಯವಲ್ಲ. ಭಯವನ್ನೂ ನಾಚಿಕೆಯನ್ನೂ ಉಪಕರಣಗಳನ್ನಾಗಿ ಮಾಡಿಕೊಂಡು ಪಡೆದುದಕ್ಕೆ ದಾನವೆಂಬ ಹೆಸರು ಸಲ್ಲದು. ಭಗವದ್ಗೀತೆಯ 17ನೆಯ ಅಧ್ಯಾಯವು ದಾನವನ್ನು ಮೂರಾಗಿ ವಿಂಗಡಿಸಿ, ಮನಸ್ಸು ನೊಂದು ಕೊಟ್ಟುದನ್ನು 'ಪರಿಕ್ಲಿಷ್ಟ'ವೆಂದು ಕರೆದು ರಾಜಸದ ಸಾಲಿನಲ್ಲಿ ಇಟ್ಟಿದೆಯಷ್ಟೆ. ಶಾಸ್ತ್ರವು ಕೆಳಗಿನ ಪಂಕ್ತಿಯಲ್ಲಿ ಕುಳ್ಳಿರಿಸಿದುದನ್ನು ನಾವು ಧ್ವನಿವರ್ಧಕದಲ್ಲಿ ಸಾರಿ, ಅಮೃತಶಿಲೆಯಲ್ಲಿ ಕೆತ್ತಿಸಿ, ಗರ್ಭಗುಡಿಯ ಎದುರಿನ ಗೋಡೆಗೆ ಹಚ್ಚುತ್ತಿದ್ದೇವೆ.

ದೀಪದ ಎಣ್ಣೆಗೆ, ಅರ್ಚಕರ ಹೊಟ್ಟೆಗೆ ಏನು ಗತಿಯೆಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ ಅದು. ಈ ರಾಜ್ಯದಲ್ಲಿ ಮುಜರಾಯಿಗೆ ಸೇರಿದ ಸುಮಾರು 35 ಸಾವಿರ ದೇವಾಲಯಗಳಲ್ಲಿ ಬಹುಪಾಲು ವರ್ಷಕ್ಕೆ 5 ಲಕ್ಷ ರೂಪಾಯಿಗೂ ಕಡಮೆ ಆದಾಯದ 'ಸಿ' ವರ್ಗದವು. ಅಂಥ ಗುಡಿಗೆ ತಸ್ತೀಕು ಎಂಬ ಸರಕಾರದ ನೆರವು 2024ರಲ್ಲಿ ವರ್ಷಕ್ಕೆ 60 ಸಾವಿರ, ಎಂದರೆ ತಿಂಗಳಿಗೆ 5 ಸಾವಿರ ರೂಪಾಯಿ ಇದ್ದಿತು. ಇಷ್ಟರಲ್ಲಿ ದೇವರ ನೈವೇದ್ಯವೂ ನಡೆದು ಅರ್ಚಕನ ಮನೆಯ ಒಲೆಯೂ ಉರಿಯಬೇಕಾದರೆ ಅವನ ಕಣ್ಣು ಆರತಿಯ ತಟ್ಟೆಯ ಮೇಲೆ ಬೀಳುವುದು ಸಹಜ. ಅವನನ್ನು ನಾನು ದೂರಲಾರೆನು. 2024ರ ಫೆಬ್ರವರಿಯಲ್ಲಿ, ಕೋಟಿಗೆ ಮೀರಿದ ಆದಾಯದ ದೇವಾಲಯಗಳಿಂದ ನೂರಕ್ಕೆ 10ರಂತೆಯೂ, 10 ಲಕ್ಷದಿಂದ ಕೋಟಿಯವರೆಗಿನವುಗಳಿಂದ ನೂರಕ್ಕೆ 5ರಂತೆಯೂ ಸಾಮಾನ್ಯ ನಿಧಿಗೆ ಪಡೆಯಬೇಕೆಂಬ ಮಸೂದೆಯು ವಿಧಾನಸಭೆಯಲ್ಲಿ ಅಂಗೀಕೃತವಾಗಿ, ಪರಿಷತ್ತಿನಲ್ಲಿ ಬಿದ್ದು, ಮತ್ತೆ ಸಭೆಯಲ್ಲಿ ಗೆದ್ದಾಗ, ಹುಂಡಿಯ ಹಣ ಎಲ್ಲಿಗೆ ಹೋಗಬೇಕೆಂಬುದರ ಮೇಲೆ ನಾಡೆಲ್ಲ ಗದ್ದಲವೆದ್ದಿತು. ಬಡ ಗುಡಿಗೆ ಸಿರಿವಂತ ಗುಡಿ ನೆರವಾಗುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಆ ದಿನಗಳಲ್ಲಿ ನಾನು ಕೇಳಿದ ಭಾಷಣಗಳಲ್ಲಿ, ಪರವಾಗಿರಲಿ ವಿರುದ್ಧವಾಗಿರಲಿ, ಆ ಹಣ ಯಾರ ಜೇಬಿನಿಂದ ಹೇಗೆ ಹೊರಟು ಹುಂಡಿಗೆ ಬಂದಿತೆಂಬ ಪ್ರಸ್ತಾಪವೇ ಬರಲಿಲ್ಲ. ಭಕ್ತನ ಪಕ್ಷ ವಹಿಸಿ ಮಾತನಾಡುತ್ತೇವೆಂದವರು ಭಕ್ತನನ್ನೇ ಮರೆತರು.

ಹಳ್ಳಿಯ ಜಾತ್ರೆಯ ಪಟ್ಟಿಯದು ಇದಕ್ಕಿಂತಲೂ ಕಠಿಣವಾದ ಕಥೆ. ಗುಡಿಯ ಜೀರ್ಣೋದ್ಧಾರವೆಂದೋ, ಗ್ರಾಮದೇವಿಯ ಜಾತ್ರೆಯೆಂದೋ ಮನೆಗಿಷ್ಟು ಎಂದು ಗೊತ್ತುಮಾಡುವಾಗ ಪೇಟೆಯ ಅಂಗಡಿಕಾರನಿಗೂ, ಕಾಡಂಚಿನಲ್ಲಿ ಗೆಣಸು ಬೆಳೆದು ಬದುಕುವ ಕುಣಬಿಗೂ, ನಾಲ್ಕು ಎಮ್ಮೆಗಳ ಹಾಲಿನಿಂದ ಜೀವಿಸುವ ಗೌಳಿಗೂ ಒಂದೇ ಮೊತ್ತವಾದರೆ ಅದನ್ನು ಸಮಾನತೆಯೆನ್ನಲು ನನಗೆ ಬಾಯಿ ಬಾರದು. ದೇವಿಗೆ ಕೊಡುವುದನ್ನು ಒಲ್ಲೆವೆನ್ನುವವರಲ್ಲ ಈ ಜನ. ಕೈಯಲ್ಲಿಲ್ಲದ ವರ್ಷದಲ್ಲಿಯೂ ಸಾಲಮಾಡಿ ಉಡಿ ತುಂಬುವವರು. ಅವರ ಈ ನಿಷ್ಠೆಯನ್ನೇ ಆಧಾರವಾಗಿಟ್ಟುಕೊಂಡು, ಪಟ್ಟಿ ಕೊಡದವನ ಮನೆಯ ಹಣ್ಣುಕಾಯಿ ಸ್ವೀಕರಿಸಕೂಡದೆಂದು ಕಟ್ಟು ವಿಧಿಸುವ ಹಿರಿಯರು ದೇವಿಯ ಹೆಸರಿನಲ್ಲಿ ಕಂದಾಯ ವಸೂಲು ಮಾಡುತ್ತಿದ್ದಾರಲ್ಲದೆ ಬೇರೇನನ್ನೂ ಮಾಡುತ್ತಿಲ್ಲ.

ಉಳವಿಗೆ ಚಕ್ಕಡಿ ಕಟ್ಟುವ ಸೀಮೆಯಲ್ಲಿ ಆಯ್ದಕ್ಕಿ ಮಾರಯ್ಯನ ಕಥೆಯನ್ನು ತಿಳಿಯದವರು ವಿರಳ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆ ಶರಣನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮನು ಅದು ತಮಗೆ ಸಲ್ಲದೆಂದು, ತಂದಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿದಳು. ದಾಸೋಹದ ಅನ್ನಕ್ಕೆಂದೇ ತಂದ ಅಕ್ಕಿಯದು; ಆದರೂ ಹೆಚ್ಚಾಯಿತೆಂದು ಅವಳು ಒಲ್ಲೆನೆಂದಳು. ರಸೀದಿ ಪುಸ್ತಕದ ಮುಂದೆ ಕುಳಿತ ನಮ್ಮ ಮಹನೀಯರು ಒಂದು ಸಲವಾದರೂ, "ಇಷ್ಟು ಬೇಡಪ್ಪ, ಕೂಸಿಗೆ ಹಾಲು ತಗೊಂಡು ಹೋಗು" ಎಂದು ಹಣ ಹಿಂದಿರುಗಿಸಿದುದನ್ನು ನಾನು ಕಂಡಿಲ್ಲ.

ಆದುದರಿಂದ ಈ ವರ್ಷ ಜಾತ್ರೆಯ ಸಭೆ ಸೇರುವ ನಮ್ಮ ಸೀಮೆಯ ಊರುಗಳಲ್ಲಿ, ಪಲ್ಲಕ್ಕಿಯ ದಿನ ಗೊತ್ತುಮಾಡುವುದಕ್ಕೂ ಮೊದಲು, ಮನೆಗಿಷ್ಟು ಎಂಬ ಮಾತನ್ನು ಕೈಬಿಟ್ಟು ಕೊಡುವವರು ಕೊಡುವಷ್ಟನ್ನು ಮುಚ್ಚಿದ ಹುಂಡಿಗೇ ಹಾಕತಕ್ಕದ್ದೆಂದೂ, ಕೊಟ್ಟವರ ಹೆಸರನ್ನೂ ಕೊಡದವರ ಹೆಸರನ್ನೂ ಮೈಕಿನಲ್ಲಿ ಓದಕೂಡದೆಂದೂ ಠರಾವು ಆಗಲಿ. ಜಾತ್ರೆ ಮುಗಿದ ವಾರದೊಳಗೆ ಬಂದ ಹಣ, ಎಣ್ಣೆಗೆ ಹೋದುದು, ಅರ್ಚಕರಿಗೆ ಕೊಟ್ಟುದು, ಅಡಿಗೆಯ ಖರ್ಚು ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಗುಡಿಯ ಬಾಗಿಲಿಗೆ ಹಚ್ಚಲಿ.