ಗೋವಕ್ಕಿ ಒಂದೋ, ಎರಡೋ?

ಉಳುವಾಗ ನೇಗಿಲ ಹಿಂದೆ, ಮೇಯುವ ದನಗಳ ಕಾಲ ಬಳಿ ಮಿಡತೆ ಹಿಡಿಯುವ ಗೋವಕ್ಕಿಯನ್ನು ಅರಿಯದ ರೈತರಿಲ್ಲ. ಈ ಬೆಳ್ಳಕ್ಕಿ ಆಫ್ರಿಕ, ಯುರೋಪ್, ಅಮೆರಿಕಗಳಲ್ಲೂ ಉಂಟು. ಬಹುಕಾಲ ಇವೆಲ್ಲವನ್ನೂ ಒಂದೇ ಪ್ರಭೇದವೆಂದು ಎಣಿಸಲಾಗುತ್ತಿತ್ತು. ಈಗ ಪ್ರಮುಖ ಪಟ್ಟಿಗಳಲ್ಲಿ ಪಶ್ಚಿಮದ ಗೋವಕ್ಕಿ ಬೇರೆ, ನಮ್ಮ ಪೂರ್ವದ ಗೋವಕ್ಕಿ ಬೇರೆ. ಹೆಸರು ಬದಲಾದರೆ ನಮಗೇನು ಲಾಭವೆಂದು ರೈತ ಬಾಂಧವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ.

ನೋಟ ಬೇರೆಯಾದ ಮಾತ್ರಕ್ಕೆ ಪ್ರಭೇದ ಬೇರೆಯಾಗದು. ಕುಮಟಾ ತಾಲ್ಲೂಕಿನ ಗಜನಿ ಗದ್ದೆಗಳ ಕಗ್ಗ ಭತ್ತ ಉಪ್ಪುನೀರನ್ನು ತಾಳುತ್ತದೆ. ಜಯ ಅಷ್ಟು ತಾಳದು. ಆದರೂ ಎರಡೂ ಒಂದೇ ಪ್ರಭೇದದ ತಳಿಗಳು. ಸಂಕರಗೊಳಿಸಿದರೆ ಮೊಳೆಯುವ ಬೀಜ ದೊರೆಯುತ್ತದೆ. ದೂರ ದೂರದ ನಾಡುಗಳ ಹಕ್ಕಿಗಳನ್ನು ಹೀಗೆ ಪರೀಕ್ಷಿಸುವುದು ಕಷ್ಟ. ಆದ್ದರಿಂದ ಗರಿಯ ಬಣ್ಣ, ಅಳತೆ, ಕೂಗು, ಅನುವಂಶಿಕ ಗುಣ ಇವೆಲ್ಲವನ್ನೂ ಕೂಡಿಸಿ ತೂಗಬೇಕಾಗುತ್ತದೆ. ಮರಿ ಮಾಡುವ ಕಾಲದಲ್ಲಿ ನಮ್ಮ ಗೋವಕ್ಕಿಯ ತಲೆ, ಕುತ್ತಿಗೆ, ಎದೆಯೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಪಶ್ಚಿಮದ್ದಕ್ಕೆ ನೆತ್ತಿ, ಎದೆ, ಬೆನ್ನುಗಳಲ್ಲಿ ಮಾತ್ರ ಈ ಬಣ್ಣ.

ಕೇವಲ ಕಣ್ಣಿಗೆ ಕಂಡದ್ದನ್ನು ನಂಬಿದರೆ ಮೋಸಹೋಗುವುದೂ ಉಂಟು. ಚಳಿಗಾಲದಲ್ಲಿ ನಮ್ಮ ಕರಾವಳಿಯ ಮರಳಿನ ಮೇಲೆ ಗುಂಪಾಗಿ ಓಡಾಡುವ ಪುಟ್ಟ ಹಕ್ಕಿಗಳಲ್ಲಿ ಲೆಸ್ಸರ್ ಸ್ಯಾಂಡ್ ಪ್ಲೋವರ್ ಒಂದು. ಕಾಸರಕೋಡದ ಕಡಲಂಚಿನಲ್ಲಿ ನಡೆಯುವವರು ಇಂಥವನ್ನು ಗಮನಿಸಬೇಕು. ಸೈಬೀರಿಯದಲ್ಲಿ ಮರಿ ಮಾಡುವ ಗುಂಪು, ಟಿಬೆಟ್ ಸೀಮೆಯಲ್ಲಿ ಮರಿ ಮಾಡುವ ಗುಂಪು ಎರಡನ್ನೂ ಇದೇ ಹೆಸರಿನಿಂದ ಕರೆಯಲಾಗುತ್ತಿತ್ತು. 2022ರಲ್ಲಿ ಪ್ರಕಟವಾದ ಅನುವಂಶಿಕ ಅಧ್ಯಯನದಿಂದ, ಟಿಬೆಟಿನ ಗುಂಪಿಗೆ ಸೈಬೀರಿಯದ್ದಕ್ಕಿಂತ ಗ್ರೇಟರ್ ಸ್ಯಾಂಡ್ ಪ್ಲೋವರ್ ಎಂಬ ಇನ್ನೊಂದು ಪ್ರಭೇದವೇ ಹತ್ತಿರದ ಬಂಧುವೆಂದು ತಿಳಿದುಬಂತು. ಈಗ ಅವು ಎರಡು ಪ್ರಭೇದಗಳು. ನಮ್ಮ ಪಶ್ಚಿಮ ಕರಾವಳಿಗೆ ಬರುವವು ಹೆಚ್ಚಾಗಿ ಟಿಬೆಟ್ ಗುಂಪಿನವು.

ಇದು ಬರಿಯ ಪಂಡಿತರ ಕಸರತ್ತಲ್ಲ ಎಂಬುದು ನನ್ನ ಅಭಿಪ್ರಾಯ. ಎರಡನ್ನು ಒಂದೆಂದು ಲೆಕ್ಕ ಹಾಕಿದರೆ, ಒಂದು ಕ್ಷೀಣಿಸುತ್ತಿದ್ದರೂ ಇನ್ನೊಂದರ ಸಂಖ್ಯೆ ಅದನ್ನು ಮರೆಮಾಡುತ್ತದೆ. ಎಲ್ಲೆಡೆ ಧಾರಾಳವಾಗಿದೆ ಎಂದು ಸುಮ್ಮನಿರುವಷ್ಟರಲ್ಲಿ ನಮ್ಮ ಹೊಲದ ಹಕ್ಕಿಯೇ ಇಲ್ಲವಾಗಬಹುದು. ಹಾಗೆಂದು ಒಂದು ಗರಿಯ ವ್ಯತ್ಯಾಸಕ್ಕೇ ಹೊಸ ಹೆಸರು ಕೊಡುವುದೂ ಸರಿಯಲ್ಲ; ಹಲವು ಸಾಕ್ಷ್ಯಗಳು ಒಂದೇ ಮಾತು ಹೇಳಿದಾಗ ಮಾತ್ರ ವಿಭಜಿಸಬೇಕು.

ರೈತರು ಮಾಡಬಹುದಾದದ್ದು ಸುಲಭ. ಉಳುಮೆಯ ದಿನ ಗದ್ದೆಗೆ ಬಂದ ಗೋವಕ್ಕಿಗಳನ್ನು ಎಣಿಸಿ, ತಾರೀಕಿನೊಡನೆ ಪುಸ್ತಕದಲ್ಲಿ ಬರೆದಿಡಿ. ಅವು ಮೇಯುತ್ತಿರುವ ಗದ್ದೆಗೆ ಕೀಟನಾಶಕ ಸಿಂಪಡಿಸಬೇಡಿ. ಹೆಸರು ಒಂದಿರಲಿ, ಎರಡಿರಲಿ, ಮಿಡತೆ ತಿನ್ನುವ ಈ ಕೂಲಿಯಿಲ್ಲದ ಆಳು ನಮ್ಮ ಗದ್ದೆಗೆ ವರ್ಷವರ್ಷವೂ ಬರುತ್ತಿದೆಯೇ ಎಂಬ ಲೆಕ್ಕ ರೈತನ ಕೈಯಲ್ಲೇ ಇರಬೇಕು.